ಡೆಲ್ಫ್ಟ್‌ನಲ್ಲಿ ಮಿಶಿಗನ್ನಿನ ಸಹಿ

ಡಚ್ಚರ ಊರಾದ ಡೆಲ್ಫ್ಟ್‌ನಲ್ಲಿ ಅಂಚೆಯ ಕೆಲಸ ಪುಸ್ತಕದಂಗಡಿಯ ಕೌಂಟರಿನಲ್ಲೇ ಮುಗಿಯುತ್ತದೆ. ನನ್ನ ಗೆಳತಿಯ ಮಗಳು, ಇಲ್ಲಿ ಸಂಶೋಧನೆಗೆ ಬಂದಿರುವ ನಸೀಮಾ, ನನ್ನನ್ನು ಅಲ್ಲಿಗೆ ಕರೆದೊಯ್ದಳು. ಅವಳು ಬಹುಕಾಲ ಮಿಶಿಗನ್ನಿನಲ್ಲಿದ್ದು ಅಮೆರಿಕದ ಪ್ರಜೆಯಾದವಳು. ಅಲ್ಲಿಯ ಸಂಸತ್ ಚುನಾವಣೆಗೆ ತನ್ನ ಮತಪತ್ರವನ್ನು ಇಲ್ಲಿಂದಲೇ ಕಳಿಸಬೇಕಿತ್ತು.

ಲಕೋಟೆಗೆ ಸಹಿ ಹಾಕುವ ಮುಂಚೆ ಅವಳು ಬ್ರೆಡ್ಡಿನ ಕಾಗದದ ಚೀಲದ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಬರೆದು ನೋಡತೊಡಗಿದಳು. ಎದುರಿಗೆ ಮಿಶಿಗನ್ನಿನ ಹಳೆಯ ಡ್ರೈವಿಂಗ್ ಲೈಸೆನ್ಸ್ ಇತ್ತು. ಅದರ ಮೇಲೂ ಕನ್ನಡದ್ದೇ ಸಹಿ!

"ಇಂಗ್ಲಿಷಲ್ಲಿ ಹಾಕಿಬಿಡೇ," ಎಂದೆ.

"ಅಯ್ಯೋ ಆಂಟಿ, ಓಟರ್ ಲಿಸ್ಟಲ್ಲೂ ಇದೇ ಸಹಿ. ಮ್ಯಾಚ್ ಆಗ್ಲಿಲ್ಲ ಅಂದ್ರೆ ನನ್ ಓಟು ಪಕ್ಕಕ್ಕಿಡ್ತಾರೆ. ಹೋದ್ಸಲ ನಮ್ ಸೀಟು ಕೂದಲೆಳೆ ಅಂತರದಲ್ಲಿ ಹೋಯ್ತು. ಇದು ಸರಿಯಿದ್ಯಾ, ನೋಡಿ."

ನಸೀಮಾ ಎಂದು ಸ್ಪಷ್ಟವಾಗಿಯೇ ಇತ್ತು. "ಸರಿಯಾಗಿದೆಯಲ್ಲೇ!" ಎಂದೆ.

ಚೀಲವನ್ನೂ ಲೈಸೆನ್ಸನ್ನೂ ನೋಡುತ್ತಿದ್ದ ಕೌಂಟರಿನ ಡಚ್ ಹೆಂಗಸು ಇಲ್ಲವೆಂದು ತಲೆಯಾಡಿಸಿದಳು. ಲೈಸೆನ್ಸಿನಲ್ಲಿ ಕೊನೆಯ ಅಕ್ಷರದ ಬಾಲ ಮೇಲಕ್ಕೆ ಹೋಗಿದೆ, ಇದರಲ್ಲಿ ಕೆಳಕ್ಕಿಳಿದಿದೆ ಎಂದು ಪೆನ್ನಿನ ತುದಿಯಿಂದ ತೋರಿಸಿದಳು. ನಾನು ಹೆಸರು ಓದಿದ್ದೆ, ಗೆರೆ ನೋಡಿರಲಿಲ್ಲ. ಮಿಶಿಗನ್ನಿನ ಚುನಾವಣಾ ಗುಮಾಸ್ತರೂ ಅವಳಂತೆ ಗೆರೆಯನ್ನೇ ತಾನೇ ನೋಡುವುದು!

ಹಿಂದೆ ಸಾಲಿನಲ್ಲಿ ನಿಂತವರು ಯಾರೂ ಗೊಣಗಲಿಲ್ಲ. ಆರನೆಯ ಸಲಕ್ಕೆ ಕೈ ಕುದುರಿತು. ನಸೀಮಾ ಲಕೋಟೆಗೆ ಸಹಿ ಹಾಕಿದಳು. ಆ ಹೆಂಗಸು ಲೈಸೆನ್ಸನ್ನು ಪಕ್ಕದಲ್ಲಿಟ್ಟುಕೊಂಡು, ತನಗೆ ಒಂದಕ್ಷರವೂ ಬಾರದ ಆ ಹೆಸರಿನ ಮೇಲೆ ಮೆಲ್ಲಗೆ ಬೆರಳಾಡಿಸಿ, "ಕ್ಲೋಪ್ಟ್" ಎಂದಳು. ತಾಳೆಯಾಯಿತು ಎಂದರ್ಥ.

ಆಮೇಲೆಯೇ ಅವಳು ಅಂಚೆಚೀಟಿ ಹಚ್ಚಿದ್ದು.