ಅರ್ಧ ಕಂಬಳಿಗೆ ಅರಗಿನ ಮುದ್ರೆ

ಮೊನ್ನೆ ನನ್ನ ಹೆಂಡತಿಯ ಹಾಡಿನ ಪುಸ್ತಕವನ್ನು ಬೈಂಡಿಂಗಿಗೆ ಕೊಡಲು ಪೇಟೆ ಬೀದಿಗೆ ಹೋಗಿದ್ದೆ. ಮದುವೆಯಾಗಿ ಮಧುಗಿರಿಗೆ ಬಂದ ವರ್ಷದಿಂದ ಅವಳು ಕೈಯಾರೆ ಬರೆದುಕೊಂಡು ಬಂದ ಹಾಡುಗಳು ಅವು. ಈಗ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತಿದ್ದವು. ಬೈಂಡರ್ ಖಾದರ್ ಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಯಾರು ಓದೋದು ಸಾರ್?" ಎಂದು ಕೇಳಿದರು. ನನಗೆ ಸ್ವಲ್ಪ ರೇಗಿತು. ಯಾರು ಓದಿದರೆ ಇವರಿಗೇನಂತೆ? "ಗಟ್ಟಿಯಾಗಿ ಕಟ್ಟಿಬಿಡಿ, ಅಷ್ಟು ಸಾಕು" ಎಂದು ಹೊರಟೆ. ಮೆಟ್ಟಿಲಿಳಿಯುವಾಗ ಒಳಗಿನ ಒಲೆಯ ಕಡೆಯಿಂದ ಒಂದು ವಾಸನೆ ಬಂತು, ಹುಣಸೆಬೀಜದ ಹಿಟ್ಟನ್ನು ನೀರಿನಲ್ಲಿ ಕುದಿಸಿದ ಅಂಟಿನ ವಾಸನೆ. ಮೈದಾ ಅಂಟಿಗೆ ಜಿರಲೆ ಮುತ್ತುತ್ತದೆಂದು ಸಾಹೇಬರು ಇನ್ನೂ ಇದನ್ನೇ ಕಾಯಿಸುತ್ತಾರೆ. ನಾನು ಬೀದಿಯಲ್ಲಿ ಹಾಗೇ ನಿಂತುಬಿಟ್ಟೆ.

ಆ ವಾಸನೆಯನ್ನು ನಾನು ಮೊದಲು ಕಂಡದ್ದು ಮಹಾರಾಜರ ಕಾಲದಲ್ಲಿ, ಮಧುಗಿರಿಯ ಒಂದು ಕಚೇರಿಗೆ ಹೊಸದಾಗಿ ಗುಮಾಸ್ತೆಯಾಗಿ ಸೇರಿದ್ದಾಗ. ಸಂಬಳ ಎಷ್ಟೆಂದು ಕೇಳಬೇಡಿ, ಠೀವಿಯಂತೂ ಬಹಳವಿತ್ತು. ಮುಚ್ಚುಕೋಟು, ಜರಿಯಂಚಿನ ಪೇಟ, ಕಿವಿಯ ಹಿಂದೆ ಲೇಖನಿ. ಕನ್ನಡಿಯ ಮುಂದೆ ನಿಂತರೆ ನನಗೆ ನಾನೇ ಅಮಲ್ದಾರನಾಗಿ ಕಾಣುತ್ತಿದ್ದೆ. ನನಗೆ ಒಪ್ಪಿಸಿದ್ದು ಸರಬರಾಜಿನ ಮೇಜು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಕಡೆಯ ಆಸ್ಪತ್ರೆ, ಸ್ಕೂಲು, ಠಾಣೆಗಳಿಗೆ ಬೇಕಾದ ಹಗ್ಗ, ಲಾಟೀನು, ಪೊರಕೆ, ಮಸಿ, ಬಕೆಟ್ಟು ಎಲ್ಲದರ ಕಾಗದವೂ ಅಲ್ಲಿಗೆ ಬರುತ್ತಿತ್ತು.

ನಿಮಗೊಂದು ಗುಟ್ಟು ಹೇಳುತ್ತೇನೆ. ಸರ್ಕಾರಕ್ಕೆ ಒಂದು ಪೊರಕೆ ಮಾರುವುದು ಮಗಳ ಮದುವೆ ಮಾಡಿದಷ್ಟೇ ಕಷ್ಟದ ಕೆಲಸ. ಮೊದಲು ಸ್ಟಾಂಪು ಹಚ್ಚಿದ ಅರ್ಜಿ. ಅದರ ಜೊತೆಗೆ ಇವನು ಒಳ್ಳೆಯ ನಡತೆಯವನೆಂದು ಪಟೇಲರೂ ಶಾನುಭೋಗರೂ ಬರೆದುಕೊಟ್ಟ ಕಾಗದ. ಇಬ್ಬರು ಜಾಮೀನುದಾರರು. ಆಮೇಲೆ ಮಾಲನ್ನು ತಾನೇ ತಯಾರಿಸುತ್ತಾನೋ, ಇನ್ನೊಬ್ಬರ ಕೈಯಿಂದ ಕೊಂಡು ತರುತ್ತಾನೋ ಎಂದು ನಾವು ಊರಿಗೆ ಹೋಗಿ ನೋಡಿಕೊಂಡು ಬರಬೇಕು. ಎಲ್ಲ ಸರಿಯಿದ್ದರೆ ಮಾದರಿ. ಮಾದರಿ ಒಪ್ಪಿಗೆಯಾದರೆ ಅದನ್ನು ಎರಡು ಭಾಗ ಮಾಡಿ, ಎರಡಕ್ಕೂ ಅರಗಿನ ಮುದ್ರೆ ಒತ್ತಿ, ಒಂದನ್ನು ಕಚೇರಿಯ ಬೀರುವಿನಲ್ಲಿಟ್ಟು ಇನ್ನೊಂದನ್ನು ಅರ್ಜಿದಾರನಿಗೆ ಕೊಡುವುದು. ಅಲ್ಲಿಗೆ ಅವನ ಹೆಸರು ಪಟ್ಟಿಗೆ ಬಿತ್ತು. ಮುಂದೆ ತರುವ ಮಾಲು ಆ ತುಂಡಿಗಿಂತ ಮೇಲಾದರೆ ಸಂತೋಷ, ಕಡಿಮೆಯಾದರೆ ಹೆಸರು ಹೊಡೆದುಹಾಕುವುದು.

ಆ ಬೀರುವನ್ನು ನೀವು ನೋಡಬೇಕಿತ್ತು. ಅರ್ಧ ಪೊರಕೆ, ಅರ್ಧ ಚಾಪೆ, ಅರ್ಧ ಗೋಣಿಚೀಲ. ಪಾವಗಡದ ಕಡೆಯ ಹಗ್ಗದವನೊಬ್ಬ ತನ್ನ ಹಗ್ಗವನ್ನು ನಾವು ಕತ್ತರಿಸಿದ್ದು ಕಂಡು, "ಅಯ್ಯೋ ಸಾಮಿ, ತಾಡು ಗಟ್ಟಿ ಐತೋ ಇಲ್ವೋ ಅಂತ ಎಳ್ದು ನೋಡ್ಬೇಕು, ಕುಯ್ದು ನೋಡ್ತಾರಾ ಎವರೈನಾ?" ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮರುಗಿದ್ದ. ಲಾಟೀನನ್ನು ಕತ್ತರಿಸಲು ಬರುವುದಿಲ್ಲವೆಂದು ಇಡಿಯಾಗಿಯೇ ಇಟ್ಟಿದ್ದೆವು. ಬಿಡುವಾದಾಗ ನಾನು ಬೀರು ತೆರೆದು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದೆ.

ಹೀಗಿರುವಾಗ ಆಸ್ಪತ್ರೆಗಳಿಗೆ ನೂರು ಕಂಬಳಿ ಬೇಕೆಂದು ಡಂಗುರವಾಯಿತು. ವಾರದೊಳಗೆ ಒಬ್ಬ ಹೆಂಗಸು ಬಂದಳು. ಶಿರಾ ದಾರಿಯ ಒಂದು ಹಟ್ಟಿಯವಳು, ಹೆಸರು ಚಿಕ್ಕೀರಮ್ಮ. ವಯಸ್ಸು ಐವತ್ತರ ಮೇಲೆ. ಗಂಡ ತೀರಿಕೊಂಡ ಮೇಲೆ ಆ ಹಟ್ಟಿಯ ಆರು ಮಗ್ಗಗಳಿಗೂ ಅವಳ ಮಾತೇ ಮಾತಂತೆ. ಗಂಡಸರು ಕಂಬಳಿಯನ್ನು ತಲೆಯ ಮೇಲೆ ಹೊತ್ತು ಸಂತೆಯಿಂದ ಸಂತೆಗೆ ತಿರುಗಬೇಕು. ಮಾರಾಟವಾಗದ ವರ್ಷ ಮಗ್ಗ ಬಿಟ್ಟು ಕೋಲಾರದ ಗಣಿಗೆ ಹೊರಟುಬಿಡುತ್ತಿದ್ದರು. ಆ ವರ್ಷ ಅವಳ ಇಬ್ಬರು ಮೈದುನರು ಹಾಗೆ ಹೋಗಿದ್ದರು, ಎರಡು ಮಗ್ಗ ನಿಂತಿದ್ದವು.

"ಪಟ್ಟೀಲಿ ಹೆಸರು ಬಿದ್ರೆ ಅವ್ರನ್ನ ವಾಪಸ್ ಕರ್ಸ್ಕಂಬುಡ್ತೀನಿ ಸಾಮಿ. ಮಗ್ಗ ಇಷ್ಟು ದಿನ ಸುಮ್ಕೆ ಕೂರಬಾರ್ದು" ಎಂದಳು. ನಾನು ಅರ್ಜಿ ತುಂಬುತ್ತಾ ಉದ್ದ ಅಗಲ ಕೇಳಿದೆ. ಅವಳು ಅದಕ್ಕೆ ಉತ್ತರ ಕೊಡದೆ, "ಹೊದ್ಕಳೋರು ಯಾರು?" ಎಂದು ಕೇಳಿದಳು.

"ಆಸ್ಪತ್ರೆಗಮ್ಮ."

"ಆಸ್ಪತ್ರೆ ಹೊದ್ಕಂತದಾ? ಮನುಸ್ರು ಯಾರು ಅಂತ ಕೇಳ್ದೆ."

"ಕಾಯಿಲೆಯವರು, ಬಾಣಂತಿಯರು, ಇನ್ಯಾರು? ಸರ್ಕಾರಿ ಕೆಲಸದಲ್ಲಿ ಅದನ್ನೆಲ್ಲ ಕೇಳಬಾರದು."

"ಅಂಗನ್ನಿ ಮತ್ತೆ" ಎಂದು ಅವಳು ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಅರ್ಜಿಯಲ್ಲಿ ಹದಿನಾರು ಕಾಲಮು ಇದ್ದವು. ಹೊದೆಯುವವರು ಯಾರು ಎಂಬ ಕಾಲಮು ಇರಲಿಲ್ಲವೆಂದು ನನಗೆ ಹೊಳೆದದ್ದು ಎಷ್ಟೋ ವರ್ಷವಾದ ಮೇಲೆ.

ನಿಯಮದಂತೆ ನಾನು ಹಟ್ಟಿಗೆ ಹೋದೆ. ಕಂಬಳಿ ಹೇಗೆ ಆಗುತ್ತದೆಂದು ನೋಡುವ ಕುತೂಹಲವೇ ನಿಯಮಕ್ಕಿಂತ ಹೆಚ್ಚಾಗಿತ್ತು ಎನ್ನಿ. ಬಯಲಿನಲ್ಲಿ ಉದ್ದಕ್ಕೆ ಎಳೆಗಳನ್ನು ಹಾಸಿ ಇಬ್ಬರು ಗಂಡಸರು ಕುಂಚದಿಂದ ಹುಣಸೆಬೀಜದ ಅಂಟು ಹಚ್ಚುತ್ತಿದ್ದರು. ಅದೇ ಈ ವಾಸನೆ. ಬಡಗಣ ಸಾಲಿನ ಜಗಲಿಯಲ್ಲಿ ಹೆಂಗಸರು ರಾಟೆ ತಿರುಗಿಸುತ್ತಿದ್ದರು. ಚಿಕ್ಕೀರಮ್ಮ ಮೂರು ಕುಕ್ಕೆಗಳನ್ನು ತಂದು ನನ್ನ ಮುಂದಿಟ್ಟಳು. "ಕೈ ಇಕ್ಕಿ ನೋಡಿ" ಎಂದಳು. ಒಂದರಲ್ಲಿ ಒರಟು ಉಣ್ಣೆ, ಇನ್ನೊಂದರಲ್ಲಿ ಅದಕ್ಕಿಂತ ಮೆತ್ತಗಿನದು. ಮೂರನೆಯದರಲ್ಲಿ ಕೈಯಿಟ್ಟರೆ ಏನೂ ಇಲ್ಲವೇನೋ ಎನಿಸಿತು, ಅಷ್ಟು ನಯ. ಮರಿಗಳಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬಂದ ಉಣ್ಣೆ ಅದಂತೆ.

"ಇದು ಬಾಣಂತೀರ್ಗೆ, ಜ್ವರದೋರ್ಗೆ. ಮೈ ನೋವಿರೋರ್ಗೆ ಚುಚ್ಚಬಾರ್ದು ಸಾಮಿ. ಒಂದು ಮರಿಗೆ ಒಂದೇ ಸಲ ಬರ್ತದೆ ಇದು, ಎರಡ್ನೇ ಸಲಕ್ಕೆ ಒರಟಾಗೋಯ್ತದೆ."

ಒಂದೇ ಸಲ ಬರುವ ಉಣ್ಣೆಯಲ್ಲಿ ನೂರು ಕಂಬಳಿ ಹೇಗಾಗುತ್ತದೆ ಎಂದು ನಾನು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ಮಜ್ಜಿಗೆ ಕುಡಿದು, ಕೋಟಿಗೆ ಅಂಟಿದ ಉಣ್ಣೆ ಕೊಡವಿಕೊಂಡು, 'ಅರ್ಜಿದಾರಳು ಸ್ವತಃ ತಯಾರಿಸುತ್ತಾಳೆ' ಎಂದು ಬರೆದುಕೊಂಡು ಬಂದೆ.

ಮಾದರಿ ಬಂದ ದಿನ ಕಚೇರಿಯೇ ಎದ್ದು ನಿಂತಿತು. ಮರಿ ಉಣ್ಣೆಯ ಕಪ್ಪು ಕಂಬಳಿ. ಅಂಟೆಲ್ಲ ಹೋಗುವಂತೆ ಕೆರೆಯಲ್ಲಿ ಬಡಿದು ಒಗೆದಿದ್ದರು. ನಮ್ಮ ಶಿರಸ್ತೇದಾರರು ಕಟ್ಟುನಿಟ್ಟಿನ ಮನುಷ್ಯ. ನಗುವುದಕ್ಕೂ ಹುಕುಂ ಬೇಕು ಎನ್ನುವವರು. ಅವರು ಕಂಬಳಿಯನ್ನು ಮಣಿಕಟ್ಟಿಗೆ ಉಜ್ಜಿ ನೋಡಿದರು, ಕುತ್ತಿಗೆಗೆ ಉಜ್ಜಿ ನೋಡಿದರು, ಕೊನೆಗೆ ಕೆನ್ನೆಗೇ ಒತ್ತಿಕೊಂಡರು. ಮಾತಿಲ್ಲದೆ ಒಪ್ಪಿಗೆಯಾಯಿತು. ನಾನು ದೊಡ್ಡ ಕತ್ತರಿ ತಂದೆ. ಚಿಕ್ಕೀರಮ್ಮ ಮುಖ ಆಚೆ ತಿರುಗಿಸಿದಳು. "ಕಟ್ಟಿ ನೆಯ್ದಿದ್ದನ್ನ ಕುಯ್ಯಾದು ಇವತ್ತೇ ಕಂಡಿದ್ದು" ಎಂದಳು. ಬೀರುವಿನ ಅರ್ಧ ಪೊರಕೆಯ ಪಕ್ಕದಲ್ಲಿ ಅರ್ಧ ಕಂಬಳಿ ಕೂತಿತು. ತನ್ನ ಅರ್ಧವನ್ನು ಮಡಿಲಲ್ಲಿ ಕಟ್ಟಿಕೊಂಡು ಅವಳು ಹೊರಟಳು. ಗಣಿಗೆ ಹೋಗಿದ್ದ ಮೈದುನರು ಆ ತಿಂಗಳೇ ವಾಪಸ್ಸು ಬಂದರೆಂದು ತಿಳಿಯಿತು. ನನ್ನಿಂದಲೇ ಆಯಿತೆಂದು ನಾನು ಎರಡು ದಿನ ಬೀಗಿದೆ.

ಮಾಲು ಬಂದದ್ದು ಮೂರು ತಿಂಗಳ ಮೇಲೆ, ಎರಡು ಎತ್ತಿನ ಗಾಡಿಯಲ್ಲಿ. ಇಳಿಸಿದಾಗ ನೋಡುತ್ತೇನೆ, ಮೂರು ಗಂಟುಗಳು! ಚಿಕ್ಕೀರಮ್ಮ ಖುಷಿಯಾಗಿ ಒಂದೊಂದನ್ನೇ ತೋರಿಸಿದಳು. "ಈ ಮೂವತ್ತು ಬಾಣಂತೀರ್ಗೆ, ಜ್ವರದೋರ್ಗೆ. ಮಧುಗಿರಿ, ಕೊರಟಗೆರೆ, ಪಾವಗಡ ಅಂತ ಕುರಿ ಇರೋ ಕಡೆಗೆಲ್ಲ ನಡೆದು ಮರಿ ಉಣ್ಣೆ ತಂದಿದ್ದು, ಅದಕ್ಕಿಂತ ಸಿಗ್ನಿಲ್ಲ. ಇವು ಕೈಕಾಲು ಮುರ್ಕಂಡೋರ್ಗೆ, ಅವ್ರಿಗೆ ಚರ್ಮ ಗಟ್ಟಿ ಇರ್ತದೆ, ತಡ್ಕಂತಾರೆ. ಇನ್ನ ಈ ಒರಟು ಗಂಟು ಬಾಗ್ಲು ಕಾಯೋ ಜವಾನ್ರಿಗೆ. ಅವ್ರು ನಿದ್ದೆ ಮಾಡಬಾರ್ದಲ್ಲ!"

ಇಷ್ಟು ಲಕ್ಷಣವಾಗಿ ವಿಂಗಡಿಸಿದ ಮಾಲು ಆ ಕಚೇರಿಗೆ ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಶಿರಸ್ತೇದಾರರು ಬೀರುವಿನ ತುಂಡನ್ನು ತರಿಸಿ ಒರಟು ಗಂಟಿನ ಮೇಲಿಟ್ಟರು. ಮಣಿಕಟ್ಟಿಗೆ ಉಜ್ಜುವ ಅಗತ್ಯವೂ ಇರಲಿಲ್ಲ.

"ಪಟ್ಟಿಯಲ್ಲಿ ಕಂಬಳಿ ಅಂತ ಒಂದೇ ಬಾಬು ಇರೋದಮ್ಮ. ನೂರಕ್ಕೆ ನೂರೂ ಈ ತುಂಡಿನ ಹಾಗಿರಬೇಕು. ಗಡುವು ನಾಳೆ ಸಂಜೆ. ಅಷ್ಟರೊಳಗೆ ಆಗದಿದ್ದರೆ ನಿನ್ನ ಹೆಸರು ತೆಗೀಬೇಕಾಗುತ್ತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನಯ್ಯಾ, ಇದನ್ನ ನೀನು ಮೊದಲೇ ಹೇಳಿರಲಿಲ್ಲವೇ?" ಎಂದರು. ಹೇಳಿದ್ದೆ. ಅರ್ಜಿಯ ಕೆಳಗಿನ ಷರತ್ತುಗಳನ್ನೆಲ್ಲ ಒಂದೇ ಉಸಿರಿನಲ್ಲಿ, ಪುರೋಹಿತರು ಮಂತ್ರ ಹೇಳುವ ಹಾಗೆ, ಓದಿ ಮುಗಿಸಿದ್ದೆ.

ನನಗೆ ಬಹಳ ನಾಚಿಕೆಯಾಯಿತು. ಮಾರನೆಯ ಬೆಳಿಗ್ಗೆ ಚಿಕ್ಕೀರಮ್ಮ ಕಚೇರಿಯ ಹುಣಸೆಮರದ ಕೆಳಗೆ ಗಂಟುಗಳ ಪಕ್ಕ ಕೂತಿದ್ದಳು. ನಾನು ಅವಳ ಬಳಿ ಹೋಗಿ ಮೆಲ್ಲಗೆ ಒಂದು ಉಪಾಯ ಹೇಳಿದೆ. ನಿನ್ನ ಅರ್ಧ ಕಂಬಳಿಯನ್ನು ಕೊಡು. ಬೀರುವಿನ ಬೀಗದ ಕೈ, ಅರಗು, ಮುದ್ರೆ ಎಲ್ಲವೂ ನನ್ನ ಹತ್ತಿರವಿದೆ. ಒರಟು ಕಂಬಳಿಯೊಂದನ್ನು ಕತ್ತರಿಸಿ ಎರಡೂ ತುಂಡು ಬದಲಾಯಿಸಿಬಿಡೋಣ. ಆಗ ಈ ನೂರೂ ಪಾಸಾಗುತ್ತವೆ. ಶಿರಸ್ತೇದಾರರು ಮೊದಲ ತುಂಡನ್ನು ಕೆನ್ನೆಗೇ ಒತ್ತಿಕೊಂಡಿದ್ದರೆಂಬುದು ಆ ಗಾಬರಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಕೆಲಸ ಹೋಗುವಂಥ ಮಾತು ಅದು.

ಅವಳು ಸ್ವಲ್ಪ ಹೊತ್ತು ಗಂಟಿನ ಮೇಲೆ ಕೈಯಾಡಿಸಿದಳು. ಮನಸ್ಸಿಗೆ ಆಸೆಯಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಮೈದುನರು ಗಾಡಿಯ ಹತ್ತಿರ ನಿಂತು ಇವಳನ್ನೇ ನೋಡುತ್ತಿದ್ದರು.

"ತುಂಡು ಬದಲಾಯಿಸ್ಬುಟ್ರೆ ಕಾಯ್ಲೆಯೋರ್ಗೆ ಚುಚ್ಚೋದು ನಿಂತೋಯ್ತದಾ ಸಾಮಿ?" ಎಂದಳು. "ಆ ಬೀರುನಾಗೆ ಒರಟು ತುಂಡು ಕೂತ್ಕಂಡ್ರೆ ನಾಳಿಕೆ ಎಲ್ರೂ ಒರಟನ್ನೇ ತರ್ತಾರೆ. ನಾನೂ ಅದನ್ನೇ ತರ್ತೀನಿ, ನಾನೇನು ದೇವ್ರಲ್ಲ. ಬ್ಯಾಡ. ಹೆಸರು ತೆಗ್ದುಬುಡಿ."

ತೆಗೆದವನು ನಾನೇ. ಕೆಂಪು ಮಸಿಯಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ 'ಮಾದರಿಗೆ ಸಮನಾಗಿ ಒದಗಿಸಲು ಅಶಕ್ತಳು' ಎಂದು ಬರೆದೆ. ಶಿರಸ್ತೇದಾರರು ಏನು ಮಾಡಿದರು ಗೊತ್ತೇ? ಚಳಿಗಾಲ ಹತ್ತಿರ ಬಂತೆಂದು ಒಂದು ಟಿಪ್ಪಣಿ ಬರೆದು ಆ ಮೆತ್ತಗಿನ ಮೂವತ್ತನ್ನು ದುಡ್ಡು ಕೊಟ್ಟು ಆಸ್ಪತ್ರೆಗೆ ಇಟ್ಟುಕೊಂಡರು. ಉಳಿದವು ಗಾಡಿಯಲ್ಲಿ ವಾಪಸ್ಸು ಹೋದವು. ಆ ಸುಗ್ಗಿಗೆ ಮುಂಚೆಯೇ ಮೈದುನರು ಮತ್ತೆ ಗಣಿಗೆ ಹೋದರು. ಆಸ್ಪತ್ರೆಗಳಿಗೆ ಬಾಕಿ ಕಂಬಳಿಯನ್ನು ಪಟ್ಟಿಯಲ್ಲಿದ್ದ ಇನ್ನೊಬ್ಬ ಒದಗಿಸಿದ. ಅವನ ಮಾದರಿ ಒರಟಾಗಿತ್ತು, ಮಾಲೂ ಅಷ್ಟೇ ಒರಟಾಗಿತ್ತು, ಆದ್ದರಿಂದ ಎಲ್ಲ ಕ್ರಮಬದ್ಧವಾಗಿತ್ತು.

ಹೆಸರು ತೆಗೆದವರಿಗೆ ಮಾದರಿಯ ತುಂಡನ್ನು ಹಿಂದಿರುಗಿಸಬೇಕೆಂಬುದು ನಿಯಮ. ಜವಾನನ ಕೈಲಿ ಕಳಿಸಬಹುದಿತ್ತು. ನಾನೇ ಹೋದೆ. ಅವಳ ಮುಂದೆ ನಿಂತು "ತಪ್ಪು ನನ್ನದು ಚಿಕ್ಕೀರಮ್ಮ" ಎಂದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ, "ಮನೇಲಿ ಎಂಗವ್ರೆ?" ಎಂದು ವಿಚಾರಿಸಿದಳು. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಹೇಳಿದೆ. ಅವಳು ಒಳಗಿನಿಂದ ತನ್ನ ಅರ್ಧವನ್ನು ತಂದು, ದಬ್ಬಳಕ್ಕೆ ಉಣ್ಣೆಯ ದಾರ ಪೋಣಿಸಿ, ನನ್ನೆದುರೇ ಎರಡನ್ನೂ ಸೇರಿಸಿ ಹೊಲಿದಳು. ಅರಗಿನ ಮುದ್ರೆಯನ್ನು ಹಲ್ಲಿನಿಂದ ಕಚ್ಚಿ ಉಗಿದಳು.

"ಬಾಣಂತಿಗೆ ಹೊದ್ಸಿ. ನಡುವೆ ಹೊಲ್ಗೆ ಒಂದು ಚುಚ್ತದೆ. ಅದೊಂದು ನಿಮ್ಮ ಕಚೇರಿ ಕೆಲ್ಸ, ನಮ್ದಲ್ಲ."

ನಮ್ಮ ಮೂರು ಮಕ್ಕಳೂ ಆ ಕಂಬಳಿಯ ಕೆಳಗೇ ಬೆಚ್ಚಗಾದವು. ಹೆಂಡತಿ ಇವತ್ತಿಗೂ ಅದನ್ನೇ ಹೊದೆಯುತ್ತಾಳೆ. ಮಲಗುವಾಗ ಹೊಲಿಗೆಯ ಕಡೆಯನ್ನು ನನ್ನತ್ತ ತಿರುಗಿಸಿ, "ತಗೊಳ್ಳಿ, ನಿಮ್ಮ ಕಚೇರಿ" ಎನ್ನುತ್ತಾಳೆ. ಎಷ್ಟೋ ವರ್ಷ ಈ ಕಥೆಯನ್ನು ನಾನು ನೆಂಟರಿಗೆಲ್ಲ ತಮಾಷೆಯಾಗಿ ಹೇಳಿದ್ದೇನೆ, ಸರ್ಕಾರದ ನಿಯಮ ತಿಳಿಯದೆ ಮೂರು ಗಂಟು ಕಟ್ಟಿಕೊಂಡು ಬಂದ ಹೆಂಗಸಿನ ಕಥೆಯೆಂದು. ಕೇಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಮೊನ್ನೆ ಬೀದಿಯಲ್ಲಿ ನಿಂತಾಗ ನಗು ಬರಲಿಲ್ಲ. ಮತ್ತೆ ಮೆಟ್ಟಿಲು ಹತ್ತಿದೆ. ಖಾದರ್ ಸಾಹೇಬರು ದಪ್ಪ ರಟ್ಟು ಅಳೆಯುತ್ತಿದ್ದರು.

"ಸಾಹೇಬರೇ, ಆಗ ಕೇಳಿದಿರಲ್ಲ. ಅದನ್ನು ಓದುವವಳು ನನ್ನ ಹೆಂಡತಿ. ಹೋದ ವರ್ಷದಿಂದ ಎಡಗೈ ಎತ್ತಲಾರಳು. ಮಗ್ಗುಲಾಗಿ ಮಲಗಿಕೊಂಡು ಒಂದೇ ಕೈಯಲ್ಲಿ ಹಿಡಿದು ಓದುತ್ತಾಳೆ" ಎಂದೆ.

ಅವರು ದಪ್ಪ ರಟ್ಟನ್ನು ಪಕ್ಕಕ್ಕಿಟ್ಟರು. "ಅದಕ್ಕೇ ಕೇಳಿದ್ದು ಸಾರ್" ಎಂದು, ಮೇಲಿನ ಹಲಗೆಯಿಂದ ತೆಳ್ಳಗಿನದನ್ನು ಇಳಿಸಿಕೊಂಡರು.