ಕಡಲಿಗೆ ಬೆನ್ನು ಹಾಕಿದ ಬೆಳಗು

ನಮ್ಮ ಯಜಮಾನರದು ವಿಜಯನಗರದಲ್ಲಿ ಬಣ್ಣದ ಮೀನುಗಳ ಸಣ್ಣ ಅಂಗಡಿ. ದಿನವಿಡೀ ಗಾಜಿನ ತೊಟ್ಟಿಗಳ ನೀರು ಬದಲಿಸುತ್ತಿದ್ದ ಮನುಷ್ಯ ಸಮುದ್ರವನ್ನು ನೋಡಿರಲಿಲ್ಲ. ಹೊನ್ನಾವರದ ಹತ್ತಿರ ಕಡಲನ್ನೂ ಅಭಯಾರಣ್ಯ ಮಾಡಿದ್ದಾರೆಂದು ಪೇಪರಿನಲ್ಲಿ ಓದಿದ ಮೇಲೆ ಅದೇ ಮಾತು. ಅಲ್ಲಿ ಆಮೆಗಳು ಮೊಟ್ಟೆಯಿಡುತ್ತವಂತೆ, ಡಾಲ್ಫಿನ್‌ಗಳು ಕಾಣುತ್ತವಂತೆ. ಹೋಗೋಣವೆಂದರೆ, ಅಂಗಡಿ ಮೀನಿಗೆ ಊಟ ಹಾಕುವವರು ಯಾರು ಅನ್ನುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ, "ನನ್ನ ಬೂದಿನಾದ್ರೂ ಅಲ್ಲಿ ಬಿಡು ಕಣೇ" ಎಂದರು.

ನಮ್ಮ ಮನೆಯವರೆಲ್ಲ ಅಸ್ಥಿ ಬಿಡುವುದು ಶ್ರೀರಂಗಪಟ್ಟಣದಲ್ಲಿ. ಚಂದ್ರಾ ಲೇಔಟ್‌ನ ಪುರೋಹಿತರು ಅರೆಮನಸ್ಸಿನಿಂದ ಒಪ್ಪಿದರು. "ಬಿಟ್ಮೇಲೆ ತಿರುಗಿ ನೋಡ್ಬೇಡಿ ತಾಯಿ. ನೋಡಿದ್ರೆ ಜೀವಕ್ಕೆ ಮುಕ್ತಿ ಇಲ್ಲ."

ಮಕ್ಕಳಿಲ್ಲ. ಮೈದುನನ ಜೊತೆ ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಹೋದೆ. ಬೆಳಿಗ್ಗೆ ಮೊಣಕಾಲಿನಷ್ಟು ನೀರಿನಲ್ಲಿ ನಿಂತು ಬೂದಿ ಬಿಟ್ಟೆವು. ಬೆನ್ನು ಹಾಕಿ, ತಲೆ ತಗ್ಗಿಸಿ ದಡ ಹತ್ತಿದೆ. ಅಳುವುದಕ್ಕೂ ಶಕ್ತಿ ಇರಲಿಲ್ಲ.

"ಹೋಯ್ ಅಮ್ಮ, ನಿಲ್ಲಿ ಮಾರಾಯ್ರೆ!" ಹಿಂದಿನಿಂದ ಯಾರೋ ಕೂಗಿದರು.

"ತಿರುಗ್ಬೇಡಿ ಅತ್ತಿಗೆ, ನಡೀರಿ," ಎಂದ ಮೈದುನ. ನಡೆದೆ.

"ಮೊಟ್ಟೆ ಉಂಟು ಅಲ್ಲಿ! ಕಡಲಾಮೆ ಮೊಟ್ಟೆ! ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ!"

ಕಾಲು ನಿಂತಿತು. ಮುಂದೆ ಮರಳು ಕೆದಕಿ ಮುಚ್ಚಿದಂತಿತ್ತು. ಬಂದ ಹೆಜ್ಜೆಯಲ್ಲಿ ವಾಪಸಾಗುವುದೆಂದರೆ ಕಡಲಿಗೆ ಮುಖ ಮಾಡುವುದು. ಮೈದುನ ಬೇಡ ಬೇಡ ಅನ್ನುತ್ತಲೇ ಇದ್ದ. ನಾನು ತಿರುಗಿದೆ.

ಬಿದಿರಿನ ಗೂಟ, ಬಲೆ ಹೊತ್ತು ಓಡಿಬಂದ ಅಭಯಾರಣ್ಯದ ಕಾವಲುಗಾರ ಏದುಸಿರು ಬಿಡುತ್ತಿದ್ದ. "ನಿನ್ನೆ ರಾತ್ರಿ ಇಟ್ಟು ಹೋದದ್ದು. ಬೇಲಿ ಕಟ್ಟುವ ಮೊದಲೇ ನೀವು ಬಂದ್ರಿ."

"ತಾಯಿ ಮತ್ತೆ ಬರುತ್ತಾ?" ಕೇಳಿದೆ.

"ಇಲ್ಲ ಅಮ್ಮ. ಮರಿಗಳೇ ಹೊರಗೆ ಬಂದು ನೀರಿಗೆ ಹೋಗ್ತವೆ."

ಮೈದುನನ ಮುಖ ಕಪ್ಪಿಟ್ಟಿತ್ತು. "ಈಗ ಅಣ್ಣನ ಗತಿ ಏನು ಅತ್ತಿಗೆ?"

"ಗೊತ್ತಿಲ್ಲಪ್ಪ. ನಿಮ್ಮಣ್ಣ ಇದ್ದಿದ್ರೆ ಇಷ್ಟು ಹೊತ್ತಿಗೆ ಆ ಮೊಟ್ಟೆ ಎಷ್ಟಿದೆ ಅಂತ ಕೇಳ್ತಿದ್ರು."

ಅವನು ನಗಲಿಲ್ಲ. ಒದ್ದೆ ಪ್ಯಾಂಟು ಮತ್ತೆ ಮಡಚಿ, ಗೂಟವೊಂದನ್ನು ಹಿಡಿದುಕೊಂಡ. ಬಲೆಯ ತುದಿ ನನ್ನ ಕೈಗೆ ಬಂತು. ಬೇಲಿ ಮುಗಿಯುವವರೆಗೂ ನಾನು ನೀರನ್ನೇ ನೋಡುತ್ತಾ ನಿಂತಿದ್ದೆ. ಬೂದಿ ಎಲ್ಲಿ ಕರಗಿತೆಂದು ತಿಳಿಯಲಿಲ್ಲ.