ಸೋಮವಾರದ ಸಂಗಪ್ಪ

ನನ್ನ ತಮ್ಮ ಸಂಗಪ್ಪನ ಕಥೆ ಹೇಳಬೇಕೆಂದರೆ ನನಗೂ ಕುಳಿತಲ್ಲಿ ಕೂಡಲಾಗುವುದಿಲ್ಲ. ಅವನು ಹುಟ್ಟಿದಾಗಿನಿಂದ ಅವನ ಹಿಂದೆ ಓಡಿದವಳು ನಾನು. ಅವ್ವ ರೊಟ್ಟಿ ಬಡಿಯುತ್ತ ಒಳಗಿನಿಂದ "ಸೀತವ್ವಾ, ಹುಡುಗ ಎಲ್ಲಿ ಹೋದ ನೋಡ" ಎಂದು ಕೂಗಿದರೆ ನಾನು ಅರ್ಧ ಹಾಕಿದ ಹೆರಳನ್ನು ಕೈಯಲ್ಲೇ ಹಿಡಿದು ಓಡುತ್ತಿದ್ದೆ. ಒಮ್ಮೆ ಕಮಲನಾರಾಯಣನ ಗುಡಿಯ ಮೇಲೆ ಸಿಗುವನು, ಒಮ್ಮೆ ಯಾರದೋ ಬಣವೆಯ ತುದಿಯಲ್ಲಿ, ಒಮ್ಮೆ ಕಿತ್ತೂರಿಗೆ ಹೊರಟ ಚಕ್ಕಡಿಯ ಹಿಂದೆ ಜೋತುಬಿದ್ದು. ನಮ್ಮೂರು ದೇಗಾಂವದ ಸಾಲೆಯಲ್ಲಿ ಮಾಸ್ತರರು ಅವನನ್ನು ಬಾಗಿಲ ಬಳಿಯೇ ಕೂಡಿಸುತ್ತಿದ್ದರು. ಹೇಗೂ ಎದ್ದು ಹೋಗುವವನು, ಉಳಿದ ಮಕ್ಕಳನ್ನು ತುಳಿಯದೆ ಹೋಗಲಿ ಎಂದು.

ದೊಡ್ಡವನಾದ ಮೇಲೆ ಸರಿಹೋಗುತ್ತಾನೆ ಎಂದರು. ದೊಡ್ಡವನಾದ, ಅಷ್ಟೇ. ಭತ್ತ ಬಿತ್ತಲು ಕೂರಿಗೆ ಹಿಡಿದರೆ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಬದುವಿನಾಚೆ ಯಾರೋ ಬಾವಿ ತೋಡುವ ಸದ್ದು ಕೇಳಿಸುತ್ತಿತ್ತು. ಎತ್ತು ನಿಲ್ಲಿಸಿ ಹೊರಟುಬಿಡುವನು. ಮಾತು ಶುರು ಮಾಡಿದರೆ ಅವರ ಮಾತೂ ಇವನದೇ, ಇವರ ಮಾತೂ ಇವನದೇ. ಯಾರೂ ಅವನ ಮುಂದೆ ಒಂದು ವಾಕ್ಯ ಪೂರ್ತಿ ಹೇಳಿ ಮುಗಿಸಿದ್ದನ್ನು ನಾನು ಕಂಡಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಮನೆ ಹಾಳು ಮಾಡಿದವನೂ ಅಲ್ಲ. ಒಂದು ಚಟವಿದ್ದಿದ್ದರೆ ಬೈಯಲು ನಮಗೊಂದು ಹೆಸರಾದರೂ ಸಿಗುತ್ತಿತ್ತು. ಅಪ್ಪ ತೀರಿಹೋದ ಮೇಲೆ ಹೊಲಮನೆ ಎಲ್ಲ ಅವ್ವ ರಾಚವ್ವನ ಹೆಗಲ ಮೇಲೇ ಬಿತ್ತು.

ಮುನವಳ್ಳಿಯ ಸುಂದರವ್ವನನ್ನು ತಂದು ಮದುವೆ ಮಾಡಿದೆವು. ಶಾಂತ ಹುಡುಗಿ. ಅವಳಿಗೆ ಅವನ ಮೇಲೆ ಜೀವ. ಅವಳ ಚೊಚ್ಚಲ ಬಸಿರಿನ ಏಳನೆಯ ತಿಂಗಳಲ್ಲಿ ಆ ಘಟನೆ ನಡೆಯಿತು. ೧೯೭೪ರ ಬೇಸಿಗೆ. ಹೆರಿಗೆಗೆ ತವರಿಗೆ ಹೊರಟಿದ್ದ ಅವಳನ್ನು, ಬಸ್ಸು ಹತ್ತಿಸಲೆಂದು, ಚಕ್ಕಡಿಯಲ್ಲಿ ಕಿತ್ತೂರಿನ ನನ್ನ ಗಂಡನ ಮನೆಗೆ ಕರೆತರುತ್ತಿದ್ದ. ಪುಣೆ ರಸ್ತೆಯ ಮಗ್ಗುಲಲ್ಲಿ ಗಾಡಿ ನಿಲ್ಲಿಸಿ, ಬಾಳೆಹಣ್ಣು ತರುತ್ತೇನೆ ಎಂದು ಇಳಿದ. ಅಂಗಡಿಯ ಮುಂದೆ ಒಂದು ಲಾರಿ ನಿಂತಿತ್ತು. ಬೈಲಹೊಂಗಲಕ್ಕೆ ಹೊಸ ನೀರೆತ್ತುವ ಎಂಜಿನ್ ಬಂದಿದೆ, ನೋಡಲು ಹೊರಟಿದ್ದೇವೆ ಎಂದು ಲಾರಿಯಲ್ಲಿದ್ದವರು ಹೇಳಿದರು. ಹತ್ತಿದ, ಹೋದ.

ಸುಂದರವ್ವ ಹೂಡಿದ ಎತ್ತುಗಳ ಹಿಂದೆ, ಸುಡುವ ಬಿಸಿಲಲ್ಲಿ, ಸಂಜೆಯವರೆಗೆ ಕುಳಿತಿದ್ದಳು. ನಡುವೆ ಯಾವುದೋ ಲಾರಿಯ ಹಾರ್ನಿಗೆ ಎತ್ತು ಬೆದರಿ ಗಾಡಿ ಗಟಾರಕ್ಕೆ ಇಳಿದಿತ್ತು. ನಮ್ಮ ಮನೆಯವರು ಹುಡುಕಿಕೊಂಡು ಹೋಗಿ ಅವಳನ್ನು ಕರೆತಂದರು. ಸಂಗಪ್ಪ ಮರುದಿನ ಬಂದ. ಎಂಜಿನ್ನಿನ ಗಾಲಿ ಎಷ್ಟು ದೊಡ್ಡದು ಎಂದು ಕೈ ಅಗಲಿಸಿ ತೋರಿಸುತ್ತ ಒಳಗೆ ಬಂದವನು ನಮ್ಮ ಮೋರೆ ನೋಡಿ "ಯಾಕ ಎಲ್ಲಾರೂ ಹಿಂಗ ನಿಂತೀರಿ?" ಎಂದ. ಆಮೇಲೆ ನೆನಪಾಯಿತು. ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ಆ ಅಳು ನೋಡಿ ನನ್ನ ಸಿಟ್ಟೆಲ್ಲ ಇಳಿದು ಹೆದರಿಕೆ ಹತ್ತಿತು.

ಸುಂದರವ್ವನ ಅಪ್ಪ ನೀಲಪ್ಪ ಮಗಳನ್ನು ಕರೆದೊಯ್ಯುವಾಗ ಒಂದೇ ಮಾತು ಹೇಳಿದರು. "ಅಳಿಯಾನ ತಲಿ ಡಾಕ್ಟರಿಗೆ ತೋರಿಸ್ರಿ. ಆರಾಮ ಆದ್ರ ಮಗಳನ್ನೂ ಕೂಸನ್ನೂ ಕಳಸತೇನಿ. ಇಲ್ಲಾಂದ್ರ ನನ್ನ ಮಗಳು ನನಗೇನ ಭಾರಿಲ್ಲ."

ತಾಯಿತ ಕಟ್ಟಿಸಿದ್ದಾಗಿತ್ತು, ಮಠಕ್ಕೆ ಒಯ್ದದ್ದಾಗಿತ್ತು. ತಮ್ಮ ಅಂಗಡಿಗೆ ಬಟ್ಟೆ ತರಲು ಧಾರವಾಡಕ್ಕೆ ಹೋಗುತ್ತಿದ್ದ ನಮ್ಮ ಮನೆಯವರು ಅಲ್ಲಿ ಮನೆಯಲ್ಲೇ ರೋಗಿಗಳನ್ನು ನೋಡುವ ಒಬ್ಬ ಮನೋವೈದ್ಯರಿದ್ದಾರೆ ಎಂದು ತಿಳಿದುಕೊಂಡು ಬಂದರು. ಸೋಮವಾರ ಹೊರಟೆವು. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಅವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲದ ಕೆಲಸ ಇಲ್ಲದ ದಿನ ಅದೊಂದೇ. ಸಂಗಪ್ಪ ದೇಗಾಂವದಿಂದ ನಡೆದು ಕಿತ್ತೂರಿಗೆ ಬಂದ, ಅಲ್ಲಿಂದ ನಾನೂ ಅವನೂ ಬಸ್ಸು ಹತ್ತಿದೆವು. ಡಾಕ್ಟರರ ಬಾಗಿಲ ಮೇಲಿನ ಬೋರ್ಡು ಓದಿ ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡೆ. ಸಂಗಪ್ಪ ಮಾತ್ರ ಅಲ್ಲಿ ಕುಳಿತಿದ್ದವರನ್ನೆಲ್ಲ ಯಾವ ಊರು, ಏನು ಜಡ್ಡು ಎಂದು ವಿಚಾರಿಸಿ ಮುಗಿಸಿದ್ದ.

ಡಾಕ್ಟರರು ಅವನನ್ನು ಬಹಳ ಹೊತ್ತು ಮಾತಾಡಿಸಿದರು. ನನ್ನನ್ನೂ ಅವನ ಬಾಲ್ಯದ ಬಗ್ಗೆ ಎಲ್ಲ ಕೇಳಿದರು. "ಇದು ಹುಚ್ಚಲ್ಲ, ತಂಗೀ" ಎಂದರು. "ಬುದ್ಧಿ ಚಲೋನ ಅದ, ಅದು ಒಂದ ಕಡೆ ನಿಲ್ಲವಲ್ದು. ಸಣ್ಣ ಹುಡುಗರೊಳಗ ಇಂಥಾದ್ದು ನೋಡೇವಿ. ದೊಡ್ಡವರಾದ ಮ್ಯಾಲ ಹೋಗತದ ಅಂತ ಪುಸ್ತಕ ಹೇಳತಾವ. ಇವಂಗ ಹೋಗಿಲ್ಲ." ಒಂದು ಗುಳಿಗೆ ಬರೆದುಕೊಟ್ಟರು. ದಿನಾ ಮುಂಜಾನೆ ರೊಟ್ಟಿ ತಿಂದ ಮೇಲೆ ಅರ್ಧ ನುಂಗಬೇಕು, ಸಂಜೆಗೆ ಅದರ ಗುಣ ಇಳಿದುಹೋಗುತ್ತದೆ, ಮರುದಿನ ಮತ್ತೆ ಅರ್ಧ. ದೊಡ್ಡವರಿಗೆ ಎಷ್ಟು ಬೇಕೆಂದು ಯಾರೂ ಬರೆದಿಟ್ಟಿಲ್ಲ, ಆಗಾಗ ಬಂದರೆ ನೋಡುತ್ತ ನೋಡುತ್ತ ಹೆಚ್ಚು ಕಡಿಮೆ ಮಾಡೋಣ ಎಂದರು. ನೆತ್ತಿಯ ಮೇಲಿನ ಕಲ್ಲು ಇಳಿಸಿದಂತಾಯಿತು ನನಗೆ. ಹುಚ್ಚಲ್ಲ ಎಂದರಲ್ಲ!

ಗುಳಿಗೆಯ ಬಾಟಲಿ ಅವ್ವನ ಕೈಗೆ ಹೋಯಿತು. ಅವಳು ಅದನ್ನು ದೇವರ ಜಗಲಿಯ ಮೇಲಿಟ್ಟಳು.

ಮುಂದಿನ ಸಲವೂ ಸೋಮವಾರವೇ ಹೋದೆವು. ಸಂಗಪ್ಪ ಡಾಕ್ಟರರ ಮೇಜಿನ ಮೇಲಿನ ಕರೆಗಂಟೆ ಬಿಚ್ಚಿ, ಒಳಗಿನ ಸ್ಪ್ರಿಂಗು ಹಾರಿಸಿದ. ಅವರು ಸ್ಪ್ರಿಂಗು ಹುಡುಕಿಸಿ, ನನ್ನ ಕಡೆ ನೋಡಿ, "ದಿನಾ ಹಿಂಗ ಇರತಾನೇನು?" ಎಂದರು. "ಹಿಂಗ ರೀ" ಎಂದೆ. ನಾನು ಅವನನ್ನು ನೋಡುತ್ತಿದ್ದದ್ದು ಬಸ್ಸು ಹತ್ತುವಾಗ ಮಾತ್ರ. ಗುಳಿಗೆ ಅರ್ಧ ಇದ್ದದ್ದು ಒಂದಾಯಿತು. ಮತ್ತೊಂದು ಸೋಮವಾರ ಅವನು ಕಿಟಕಿ ದಾಟಿ ಹಿತ್ತಲಿಗೆ ಹೋಗಿ ಡಾಕ್ಟರರ ಮನೆಯ ನಳ ರಿಪೇರಿ ಮಾಡಲು ಕುಳಿತ. ಒಂದೂವರೆಯಾಯಿತು, ಎರಡಾಯಿತು. ಅವನು ಇಳಿದುಹೋಗುತ್ತಿದ್ದ, ಕೆನ್ನೆಯ ಎಲುಬು ಕಾಣುತ್ತಿತ್ತು. ಹೆಂಡತಿಯ ಚಿಂತೆಗೆ ಸೊರಗಿದ್ದಾನೆ ಎಂದು ಅಂದುಕೊಂಡೆ. ಡಾಕ್ಟರರು ಕೇಳಿದರೆ ಅವನು ಎಲ್ಲದಕ್ಕೂ "ಆರಾಮ ಅದೀನ್ರಿ" ಎನ್ನುತ್ತಿದ್ದ.

ಅಷ್ಟರಲ್ಲಿ ಮುನವಳ್ಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೆಸರಿಡುವ ಕಾರ್ಯವನ್ನು ನೀಲಪ್ಪನವರು ಸೋಮವಾರಕ್ಕೇ ಗೊತ್ತು ಮಾಡಿದರು, ಅವರ ಎತ್ತಿಗೂ ಬಿಡುವು ಬೇಕಲ್ಲ. ನಾವೆಲ್ಲ ಹೋದೆವು. ಊಟದ ಗದ್ದಲದಲ್ಲಿ ಸಂಗಪ್ಪ ಕೂಸನ್ನು ಎತ್ತಿಕೊಂಡು ಮಾಯವಾದ. ಮನೆ ತುಂಬ ಕೂಗಾಟ, ಹಿತ್ತಲು, ಬಾವಿ, ಓಣಿ ಎಲ್ಲ ಹುಡುಕಿದೆವು. ನೀಲಪ್ಪ ಅವನನ್ನು ಹಿಡಿದದ್ದು ಬಸ್‌ಸ್ಟ್ಯಾಂಡಿನಲ್ಲಿ. ಮಗಳಿಗೆ ನವಿಲುತೀರ್ಥದ ಡ್ಯಾಮು ತೋರಿಸಲು ಹೊರಟಿದ್ದನಂತೆ! ಕಣ್ಣು ಬಿಡಲು ಬಾರದ ಕೂಸಿಗೆ ಡ್ಯಾಮು. ಸುಂದರವ್ವ ಕೂಸನ್ನು ಎದೆಗೆ ಅವಚಿಕೊಂಡು ಕೋಣೆಯ ಬಾಗಿಲು ಹಾಕಿದಳು. ನೀಲಪ್ಪ ನಮಗೆ ಊಟಕ್ಕೆ ಕೂಡಿರಿ ಎಂದು ಸಹ ಅನ್ನಲಿಲ್ಲ.

ಇದನ್ನು ಡಾಕ್ಟರರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟ ಕೊಟ್ಟರೂ ಇಳಿವಲ್ದು ಅಂದ್ರ ಇದು ಇವಂಗ ಹತ್ತೂದಿಲ್ಲ. ಮುಂದಿನ ಸಲ ಗುಳಿಗಿ ಕೊಡಾವರನ್ನ ಕರಕೊಂಡ ಬರ್ರಿ, ಮಾತಾಡಿ ನಿಲ್ಲಿಸಿಬಿಡೂಣು" ಎಂದರು. ನಿಲ್ಲಿಸುವುದೆಂದರೆ ಸುಂದರವ್ವ ಬರುವುದಿಲ್ಲ ಎಂದೇ ಅರ್ಥ. ಬಸ್ಸಿನಲ್ಲಿ ಸಂಗಪ್ಪ ಮೊದಲ ಸಲ ತೆಪ್ಪಗೆ ಕುಳಿತಿದ್ದ. ದಾರಿಯಲ್ಲಿನ ತೇಗೂರಿನ ತನಕ ಮಾತ್ರ.

ಅವ್ವ ಬಂದಳು. ಮುಂಜಾನೆಯೇ ನಡೆದು, ಬುತ್ತಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಧಾರವಾಡದವರನ್ನು ಬೈಯುತ್ತ. ಡಾಕ್ಟರರ ಎದುರು ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತಳು. ಅವರೂ ಕುರ್ಚಿ ಮುಂದಕ್ಕೆ ಎಳೆದುಕೊಂಡು ಬಗ್ಗಿದರು.

"ಅವ್ವಾರ, ಗುಳಿಗಿ ದಿನಾ ಕೊಡತೀರಿ?"

"ನನ್ನ ಕೈಲೇನ ಕೊಡತೇನ್ರಿ."

"ಇವತ್ತ ಎಷ್ಟೊತ್ತಿಗೆ ಕೊಟ್ರಿ?"

ಅವ್ವ ಅವರ ಮುಖ ನೋಡಿದಳು. ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಎಂದು ಅವಳಿಗೆ ಕೆಡುಕೆನಿಸಿರಬೇಕು. "ಇವತ್ತ ಸೋಮವಾರ ಐತೆಲ್ರಿ" ಎಂದಳು, ಮೆಲ್ಲಗೆ.

"ಸೋಮವಾರಾದ್ರ?"

"ಸೋಮವಾರ ಯಾರರ ಹೂಡತಾರೇನ್ರಿ? ಮೂಕ ಎತ್ತಿಗೆ ಒಂದ ದಿನ ಹೆಗಲ ಬಿಡಿಸತೇವಿ. ನನ್ನ ಮಗಾ ಆರ ದಿನ ಎಳದಿರತಾನ. ಅವನ ತಲಿಗೆ ಒಂದ ದಿನ ಬ್ಯಾಡೇನ್ರಿ?"

ಡಾಕ್ಟರರಿಗೆ ಹೊಳೆಯುವ ಮೊದಲೇ ನನಗೆ ಹೊಳೆಯಿತು. ನಾವು ಬಂದದ್ದೆಲ್ಲ ಸೋಮವಾರ. ಅವರು ನೋಡಿದ್ದೆಲ್ಲ ಗುಳಿಗೆ ನುಂಗದ ಸಂಗಪ್ಪನನ್ನು. ನಾನೂ ಅವನನ್ನೇ ನೋಡಿದ್ದೆ, ನೀಲಪ್ಪನೂ ಅವನನ್ನೇ ಹಿಡಿದಿದ್ದರು. ಆ ಸೋಮವಾರದವನನ್ನು ಹಿಡಿದು ನಿಲ್ಲಿಸಲು ಇವರು ಉಳಿದ ಆರು ದಿನದವನಿಗೆ ಹೆಚ್ಚು ಹೆಚ್ಚು ಗುಳಿಗೆ ಹೇರುತ್ತ ಹೋಗಿದ್ದರು.

ಡಾಕ್ಟರರು ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. "ಉಳದ ದಿನ ಹೆಂಗ ಇರತಾನ್ರಿ?" ಎಂದು ಕೇಳಿದರು.

"ಮೊದಮೊದಲ ಬಂಗಾರದಂಗ ಇದ್ದನ್ರಿ" ಎಂದಳು ಅವ್ವ. "ಹಿಡದ ಸಾಲ ಮುಗಿಸಿ ಬರತಿದ್ದ. ನೀವು ಹೆಚ್ಚ ಮಾಡಿದಂಗ ಉಣ್ಣೂದ ಬಿಟ್ಟ, ನಿದ್ದಿ ಬಿಟ್ಟ. ಒಂದ ಕುಡಗೋಲ ಹಿಡಕೊಂಡ ಕುಂತ್ರ ಮಸದದ್ದನ್ನ ಮತ್ತ ಮಸಿಯಾಂವ. ಕರದ್ರ ಹೊಳ್ಳಿ ನೋಡೂದಿಲ್ಲ. ಎದಿಮ್ಯಾಲ ಕೈ ಇಟ್ರ ಡವಡವ ಅಂತೈತಿ."

"ಮತ್ತ ನೀವು ಯಾಕ ಹೇಳಿ ಕಳಸಲಿಲ್ಲ?"

"ಹೇರಾವರು ನೀವು, ಶಾಣ್ಯಾರು. ನಾ ಏನ ಹೇಳಲಿ? ನನ್ನ ಕೈಯಾಗ ಸೋಮವಾರ ಒಂದ ಇತ್ತು, ಅದನ್ನ ಬಿಡಲಿಲ್ಲ."

ಇಷ್ಟು ಹೊತ್ತೂ ಸಂಗಪ್ಪ ಗೋಡೆಯ ಗಡಿಯಾರದ ಕೆಳಗೆ ಅತ್ತಿತ್ತ ಸುತ್ತುತ್ತಿದ್ದ. ಡಾಕ್ಟರರು ಎದ್ದು ಹೋಗಿ ಅವನ ಮುಂಗೈ ಹಿಡಿದು ನಾಡಿ ನೋಡಿದರು. "ಸೋಮವಾರ ತಪ್ಪತದ ಅಂತ ನಿನಗ ಗೊತ್ತಿತ್ತಲ್ಲಪ್ಪಾ?"

"ಗೊತ್ತಿತ್ರಿ."

"ಹೇಳಬಾರದಿತ್ತೇನು?"

"ಹೇಳಿದ್ರ ಅದೂ ಹೋಗತಿತ್ರಿ" ಎಂದ ಸಂಗಪ್ಪ. "ಅವತ್ತೊಂದ ದಿನ ರೊಟ್ಟಿ ರುಚಿ ಹತ್ತತೈತಿ. ಉಳದ ದಿನ ಸುಂದ್ರಿ ಬರ್ಲಿ ಅಂತ ನುಂಗತೇನ್ರಿ. ನೀವ ಎಷ್ಟ ಅಂತೀರಿ ಅಷ್ಟ."

ಡಾಕ್ಟರರು ಅವನನ್ನು ಕೈ ಹಿಡಿದೇ ಮೇಜಿನ ತನಕ ಕರೆತಂದು ಹೊಸ ಚೀಟಿ ಬರೆದರು. ಗುಳಿಗೆ ಮತ್ತೆ ಅರ್ಧಕ್ಕೆ ಇಳಿಯಿತು. "ಸೋಮವಾರ ಬಿಡ್ರಿ ಅವ್ವಾರ, ನಡೀತದ" ಎಂದರು. "ಆದ್ರ ನನ್ನ ಕಡೆ ಇನ್ನ ಸೋಮವಾರ ಬರಬ್ಯಾಡ್ರಿ." ಎತ್ತು ಬಿಟ್ಟು ಗುರುವಾರ ಹೇಗೆ ಬರುವುದೆಂದು ಅವ್ವ ಬಸ್‌ಸ್ಟ್ಯಾಂಡಿನ ತನಕ ಗೊಣಗಿದಳು. ಆದರೂ ಕಳಿಸಿದಳು. ಗುರುವಾರಗಳಲ್ಲಿ ಡಾಕ್ಟರರು ಅರ್ಧಕ್ಕೆ ಕಾಲು ಸೇರಿಸಿದರು, ಹಸಿವು ಹೋಯಿತೆಂದು ಕಾಲು ತೆಗೆದರು, ಅರ್ಧಕ್ಕೇ ನಿಲ್ಲಿಸಿದರು. ಬೆಳೆ ಮೊಣಕಾಲು ಮಟ್ಟ ಬರುವ ಹೊತ್ತಿಗೆ ಅವನ ಕೆನ್ನೆ ಸ್ವಲ್ಪ ತುಂಬಿತು.

ಈ ಸುದ್ದಿ ಹೊತ್ತು ನಾನೇ ಮುನವಳ್ಳಿಗೆ ಹೋದೆ. ನೀಲಪ್ಪ ಕೇಳಿಸಿಕೊಂಡು, "ಹಂಗಾರ ಬರೂ ಸೋಮವಾರ ಬಂದ ನೋಡತೇನಿ" ಎಂದರು. ಸೋಮವಾರ ಬೇಡ ಎಂದು ನಾನು ಹೌಹಾರಿದೆ. "ಸೋಮವಾರ ಯಾಕ ಬ್ಯಾಡ? ಏನ ಮುಚ್ಚಿಡಾಕ ಹತ್ತೀರಿ?" ಎಂದು ಎದ್ದು ನಿಂತರು. "ನನಗೂ ಎತ್ತ ಅದಾವ್ರಿ. ಸೋಮವಾರ ಬಿಟ್ಟ ಯಾವಾಗ ಬರಲಿ?" ನನಗೂ ರೇಗಿತು, ಸೋಮವಾರ ಅವನು ಗುಳಿಗೆ ನುಂಗುವುದಿಲ್ಲ ಎಂದು ನಾನೂ ಕೂಗಿದೆ. ನಮ್ಮಿಬ್ಬರ ಜಗಳ ಓಣಿಗೆ ಕೇಳುತ್ತಿದ್ದಾಗ ಸುಂದರವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಗಂಟು ಹಿಡಿದು ಪಡಸಾಲೆಗೆ ಬಂದಳು.

"ಅಪ್ಪಾ, ನಾ ಹೋಗಿ ನೋಡತೇನಿ" ಎಂದಳು. "ಸೋಮವಾರದಾಂವನ್ನ ನಾ ಕಂಡೇನಿ. ಉಳದ ದಿನದಾಂವ ಯಾರದಾನ ನೋಡಿ ಬರತೇನಿ. ಸರಿ ಕಾಣಲಿಲ್ಲಾಂದ್ರ ನಾಳಿನ ಬಸ್ಸಿಗೇ ಹೊಳ್ಳಿ ಬರತೇನಿ."

ಅವತ್ತು ಬುಧವಾರ. ನಾವು ದೇಗಾಂವ ಮುಟ್ಟಿದಾಗ ಸಂಗಪ್ಪ ಹೊಲದಿಂದ ಮಧ್ಯಾಹ್ನದ ಊಟಕ್ಕೆ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಅವಳನ್ನು ನೋಡಿ ಎದ್ದ, ಮತ್ತೆ ಕುಳಿತ. ಸುಂದರವ್ವ ಕೂಸನ್ನು ಕೊಡಲಿಲ್ಲ. ದೂರದಲ್ಲೇ ಕಂಬಕ್ಕೆ ಒರಗಿ ಕುಳಿತು, ಅವನ ಕಡೆ ನೋಡದೆ, ಕೂಸು ಹುಟ್ಟಿದ ದಿನದ ಮಾತು ತೆಗೆದಳು. ಬ್ಯಾನೆ ಶುರುವಾದಾಗ ಮಳೆ ಬಂದದ್ದು, ಸೂಲಗಿತ್ತಿ ಹಳ್ಳದ ಆಚೆ ಸಿಕ್ಕಿಹಾಕಿಕೊಂಡದ್ದು, ಕೂಸು ಕಾಲು ಮುಂದಾಗಿ ಬಂದದ್ದು, ಮಗಳು ಉಳಿಯುವುದಿಲ್ಲ ಎಂದು ಅವಳ ತಾಯಿ ಅತ್ತದ್ದು. ಹೇಳುತ್ತ ಹೇಳುತ್ತ ನಡುನಡುವೆ ನಿಲ್ಲುವಳು. ಅವನು ನಡುವೆ ಬಾಯಿ ಹಾಕಲಿ, ಎದ್ದು ಹೋಗಲಿ ಎಂದು ಕಾಯುತ್ತಿದ್ದಳು. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಸದ್ದು ಮಾಡುತ್ತ ಹೋಯಿತು. ಅವನ ಕತ್ತು ಅತ್ತ ಹೊರಳಿತು, ಮತ್ತೆ ಇತ್ತ ತಿರುಗಿತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಕೂಸು ಅಳಲಿಲ್ಲ, ಮೈ ನೀಲಿಯಾಗಿತ್ತು ಎಂಬಲ್ಲಿಗೆ ಬಂದು ಸುಂದರವ್ವ ಸುಮ್ಮನಾದಳು. ಬಹುಶಃ ಅಲ್ಲಿಯ ತನಕ ಹೇಳಬೇಕಾದೀತೆಂದು ಅವಳು ಎಣಿಸಿರಲೇ ಇಲ್ಲ.

"ಆಮ್ಯಾಲ ಏನಾತು?" ಎಂದ ಸಂಗಪ್ಪ.

ಸುಂದರವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅವನು ಗಾಬರಿಯಾಗಿ ನನ್ನ ಕಡೆ ನೋಡಿದ. ಅವನು ಕುಳಿತೇ ಇದ್ದ. ಅವಳು ಅಳು ಮುಗಿಸಿ, ಕಣ್ಣೊರೆಸಿಕೊಂಡು, ಉಳಿದದ್ದನ್ನು ಹೇಳಿದಳು.